ಕೈಯಲ್ಲಿ ಬೆಳೆದ ಇಲಿ: ಗೂಡು ನೋಡಿ ಸುಖ ತಿಳಿಯುವುದು

ಕಣ್ಣು ಬಿಡದ ಮರಿಗೆ ಹಾಲು ಕುಡಿಸಿ ಬದುಕಿಸಿದ ಮಾತ್ರಕ್ಕೆ ಇಲಿ ಸಾಕುಪ್ರಾಣಿಯಾಗುವುದಿಲ್ಲ. 13-14 ದಿನಕ್ಕೆ ಕಣ್ಣು ತೆರೆದು, ಮೂರು ವಾರಕ್ಕೆ ಹಾಲು ಬಿಟ್ಟಿತೆಂದರೆ ಹುಟ್ಟುಗುಣ ಮೇಲೇಳುತ್ತದೆ. ನೆರಳು ಸರಿದರೂ ಸಾಕು, ನೆಗೆದು ಅಡಗುತ್ತದೆ. ಹಾಗಾಗಿ ಮುದ್ದಿಸುವುದನ್ನು ಬಿಟ್ಟು, ಅದಕ್ಕೆ ಅಗೆಯಲು, ಕಟ್ಟಲು, ಅಡಗಲು ಏನು ಕೊಡಬೇಕೆಂದೇ ನಾನು ಯೋಚಿಸುತ್ತೇನೆ.

ಮನೆಯಿಲಿಗೆ ನಾನು ಬಳಸುವುದು 80 ಸೆಂ.ಮೀ. ಉದ್ದ, 40 ಅಗಲ, 50 ಎತ್ತರದ ಗಾಜಿನ ತೊಟ್ಟಿ. ಇಲಿ 30 ಸೆಂ.ಮೀ. ಸಲೀಸಾಗಿ ಹಾರುತ್ತದೆ, 6 ಮಿ.ಮೀ. ಸಂದಿಯಲ್ಲೂ ನುಸುಳುತ್ತದೆ. ಆದ್ದರಿಂದ ಮುಚ್ಚಳಕ್ಕೆ ಅದಕ್ಕಿಂತ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ, ನಾಲ್ಕೂ ಮೂಲೆಗೆ ಕ್ಲಿಪ್ಪು. ಪ್ಲಾಸ್ಟಿಕ್ ಅಂಚು ಎಲ್ಲಾದರೂ ಹಲ್ಲಿಗೆ ಸಿಕ್ಕಿತೋ, ಅದನ್ನು ಕಡಿದು ದಾರಿ ಮಾಡಿಕೊಳ್ಳುತ್ತದೆ.

ಹಾಸಿನ ದಪ್ಪದಲ್ಲಿ ಜಿಪುಣತನ ಬೇಡ. ದೂಳಿಲ್ಲದ ಕಾಗದದ ಹಾಸು ಕನಿಷ್ಠ 20 ಸೆಂ.ಮೀ. ಬೇಕು, ನಡುನಡುವೆ ಒಣಹುಲ್ಲು ಸೇರಿಸಿ ಅಂಗೈಯಿಂದ ಒತ್ತಬೇಕು. ಬರೀ ಕಾಗದವಿದ್ದರೆ ಬಿಲ ಕುಸಿಯುತ್ತದೆ, ಹುಲ್ಲಿನ ಎಳೆಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ಸೀಡರ್, ಪೈನ್ ಮರದ ತುರಿ ಬೇಡ, ಅದರ ಘಾಟು ಶ್ವಾಸಕ್ಕೆ ಕೆಡುಕು. ಕಲ್ಲು, ಮಣ್ಣಿನ ಕುಡಿಕೆಯಂಥ ಭಾರದ ವಸ್ತುಗಳನ್ನು ಹಾಸು ತುಂಬುವ ಮೊದಲೇ ತಳಕ್ಕೆ ತಾಗಿಸಿ ಇಡುತ್ತೇನೆ. ಹಾಸಿನ ಮೇಲಿಟ್ಟರೆ, ಇಲಿ ಅಡಿಯಲ್ಲಿ ಅಗೆದಾಗ ಅವು ಅದರ ಮೇಲೇ ಕುಸಿಯುತ್ತವೆ.

ಓಡುವ ಚಕ್ರ ಬೇಕೇ ಬೇಕು. ಅದು ಬೋನಿನ ಬೇಸರಕ್ಕೆ ಮಾತ್ರ ಅಂಟಿದ ಚಟವಲ್ಲ: ಬಯಲಲ್ಲಿ ಇಟ್ಟ ಚಕ್ರಕ್ಕೂ ಯಾರೂ ಸಾಕದ ಇಲಿಗಳು ತಾವಾಗಿ ಬಂದು ಓಡಿದ್ದನ್ನು ನೆದರ್ಲೆಂಡ್ಸ್‌ನ ಲೈಡನ್‌ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದಾರೆ. ವ್ಯಾಸ 18-20 ಸೆಂ.ಮೀ. ಇರಲಿ, ಓಡುವಾಗ ಬೆನ್ನು ಮೇಲಕ್ಕೆ ಬಾಗಿದರೆ ಚಕ್ರ ಚಿಕ್ಕದಾಯಿತು ಎಂದರ್ಥ. ಕಂಬಿಗಳ ಚಕ್ರದಲ್ಲಿ ಕಾಲು, ಬಾಲ ಸಿಕ್ಕಿಬೀಳುತ್ತವೆ, ಮುಚ್ಚಿದ ತಳವೇ ಸರಿ.

ಇನ್ನು ಗೂಡು. ಸುಗಂಧವಿಲ್ಲದ ಟಿಶ್ಯೂ ಕಾಗದ ನಾಲ್ಕೈದು ಹಾಳೆ ಮತ್ತು ಒಂದು ಹಿಡಿ ಒಣಹುಲ್ಲನ್ನು ಸಂಜೆ ತೊಟ್ಟಿಯ ಇನ್ನೊಂದು ತುದಿಯಲ್ಲಿ ಇಡುತ್ತೇನೆ. ಇಲಿ ಹಾಳೆಯ ಅಂಚನ್ನು ಬಾಯಲ್ಲಿ ಕಚ್ಚಿ ಹಿಂದಕ್ಕೆ ಎಳೆದೊಯ್ಯುತ್ತದೆ. ಒಳಗೆ ಕೂತು ಎರಡು ಕೈಯಲ್ಲಿ ಹಿಡಿದು ಸಣ್ಣ ಎಳೆಗಳಾಗಿ ಸೀಳಿ, ಸುತ್ತಲೂ ಒತ್ತಿ, ಕೊನೆಗೆ ಬಾಗಿಲನ್ನೂ ಮುಚ್ಚಿಕೊಳ್ಳುತ್ತದೆ. ಬೆಳಗ್ಗೆ ತಲೆಯ ಮೇಲೆ ಕವಿದುಕೊಂಡ ಗುಮ್ಮಟದಂಥ ಗೂಡು ಕಂಡರೆ ನಿಶ್ಚಿಂತೆ. ಹಾಳೆ ಮುಟ್ಟದೆ ಬಿಟ್ಟಿದ್ದರೆ ಅಥವಾ ಗೂಡು ತಟ್ಟೆಯಂತೆ ಚಪ್ಪಟೆಯಾಗಿದ್ದರೆ ಮೊದಲು ತಾಪಮಾನ ನೋಡುತ್ತೇನೆ. 20ರಿಂದ 24 ಡಿಗ್ರಿ ಹಿತ. ಸೆಕೆಗೂ ಗೂಡು ಚಪ್ಪಟೆಯಾಗುತ್ತದೆ. ಸೆಕೆಯಿಲ್ಲದಿದ್ದರೆ ನೋವು, ಕಾಯಿಲೆ ಅಥವಾ ಭಯ. ಹತ್ತಿರದ ಚಾರ್ಜರ್, ಟಿ.ವಿ.ಯನ್ನೂ ದೂರ ಸರಿಸಿ ನೋಡಿ: ನಮ್ಮ ಕಿವಿಗೆ ಬೀಳದಷ್ಟು ಎತ್ತರದ ಶ್ರುತಿಯ ಕೀರಲು ಸದ್ದು ಇಲಿಗೆ ಕೇಳುತ್ತದೆ. ಗೂಡಿಗೆ ಹತ್ತಿ ಮಾತ್ರ ಕೊಡಬೇಡಿ, ಅದರ ಎಳೆ ಕಾಲಿಗೆ ಸುತ್ತಿ ರಕ್ತಸಂಚಾರ ನಿಲ್ಲುತ್ತದೆ.

ಆಹಾರ ದಿನಕ್ಕೆ 3ರಿಂದ 5 ಗ್ರಾಂ. ಇಲಿಗೆಂದೇ ತಯಾರಾದ ಪೆಲೆಟ್ (ಒತ್ತಿ ಮಾಡಿದ ಗಟ್ಟಿ ತುಣುಕು) ಮತ್ತು ಸಣ್ಣ ಧಾನ್ಯ. ವಾರಕ್ಕೆರಡು ಸಲ ಒಂದೊಂದು ಮೀಲ್‌ವರ್ಮ್ ಹುಳು. ಸೂರ್ಯಕಾಂತಿ ಬೀಜ ಒಂದೆರಡಕ್ಕಿಂತ ಹೆಚ್ಚಾದರೆ ಬೊಜ್ಜು. ಬಟ್ಟಲಿಗೆ ಹಾಕದೆ ಹಾಸಿನ ಮೇಲೆ ಚೆಲ್ಲುತ್ತೇನೆ, ಹುಡುಕಿ ತಿನ್ನುವುದರಲ್ಲೇ ಅರ್ಧ ರಾತ್ರಿ ಕಳೆಯಲಿ. ನೀರಿನ ಬಾಟಲಿಯ ಕೊಳವೆ ತುದಿಯಲ್ಲಿರುವ ಗುಂಡನ್ನು ದಿನಾ ಬೆರಳಿನಿಂದ ಒತ್ತಿ ನೋಡಬೇಕು. ಗಾಳಿ ಕಟ್ಟಿಕೊಂಡರೆ ಬಾಟಲಿ ತುಂಬಿದ್ದರೂ ಇಲಿ ಬಾಯಾರುತ್ತದೆ.

ಇಡೀ ಹಾಸನ್ನು ಒಮ್ಮೆಲೇ ಬದಲಿಸಬೇಡಿ. ತನ್ನ ವಾಸನೆಯೆಲ್ಲ ಮಾಯವಾದರೆ ಇಲಿ ಕಂಗಾಲಾಗಿ ಇನ್ನೂ ಹೆಚ್ಚು ಮೂತ್ರದ ಗುರುತು ಹಾಕುತ್ತದೆ. ಒದ್ದೆಯಾದ ಮೂಲೆಯನ್ನು ವಾರಕ್ಕೊಮ್ಮೆ ತೆಗೆಯಿರಿ, ಗೂಡನ್ನು ಮುಟ್ಟಬೇಡಿ.

ಜೊತೆಗೆ ಬೇಕೆಂದರೆ ಒಟ್ಟಿಗೆ ಬೆಳೆದ ಹೆಣ್ಣುಗಳು ಹೊಂದುತ್ತವೆ. ವಯಸ್ಕ ಗಂಡುಗಳು ಪರಸ್ಪರ ಕಚ್ಚಿ ಗಾಯ ಮಾಡಿಕೊಳ್ಳುತ್ತವೆ.

ಬಾಲ ಹಿಡಿದು ಎತ್ತಲೇಬಾರದು, ಚರ್ಮ ಕಳಚಿ ಬರಬಹುದು. ರಟ್ಟಿನ ಕೊಳವೆಗೆ ತಾನಾಗಿ ನುಗ್ಗಿದಾಗ ಎರಡು ತುದಿಗೂ ಅಂಗೈ ಅಡ್ಡ ಹಿಡಿದು ಎತ್ತಬೇಕು. ಹಾಗೇ ಕೊಳವೆ ಸಮೇತ ತಕ್ಕಡಿಯ ಮೇಲಿಟ್ಟು ವಾರಕ್ಕೊಮ್ಮೆ ತೂಗುತ್ತೇನೆ. 20 ಗ್ರಾಂ ಇದ್ದದ್ದು 18ಕ್ಕೆ ಇಳಿದರೆ ನಿರ್ಲಕ್ಷಿಸುವಂತಿಲ್ಲ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಗರ್ಭಿಣಿಯರು ಇಲಿಯನ್ನೂ ಹಾಸನ್ನೂ ಮುಟ್ಟದಿರಲಿ, ಇಲಿಯಿಂದ ಹರಡುವ ಕೆಲವು ವೈರಸ್‌ಗಳು ಹೊಟ್ಟೆಯ ಮಗುವಿಗೆ ಅಪಾಯ.

ಕಣ್ಣಿನ ಸುತ್ತ ಕೆಂಪು ಕಂಡರೆ ಅದು ಸಾಮಾನ್ಯವಾಗಿ ರಕ್ತವಲ್ಲ, ಒತ್ತಡದಲ್ಲೋ ಕಾಯಿಲೆಯಲ್ಲೋ ಒಸರುವ ಬಣ್ಣ. ಅದರ ಜೊತೆ ಉಸಿರಾಟದಲ್ಲಿ ಟಿಕ್ ಟಿಕ್ ಸದ್ದೂ ಬಂದರೆ ಅದೇ ದಿನ ಪಶುವೈದ್ಯರ ಬಳಿ ಒಯ್ಯಬೇಕು. ಆಗ ಡಬ್ಬಿಯೊಳಗೆ ಅದರದೇ ಗೂಡಿನಿಂದ ತೆಗೆದ ಒಂದು ಹಿಡಿ ಎಳೆಗಳನ್ನು ಹಾಕಿ, ಮೇಲೆ ಬಟ್ಟೆ ಹೊದಿಸಿಕೊಂಡು ಹೊರಡುತ್ತೇನೆ.