ಜ್ಯೇಷ್ಠೆಯ ಜೊತೆಗಾರನನ್ನು ಬೆಂಗಳೂರಿನ ತಾರಸಿಯಿಂದ ನೋಡುವುದು ಹೇಗೆ

ಬೆಂಗಳೂರಿನ ಆಕಾಶದಲ್ಲಿ ಗೆಲಾಕ್ಸಿ, ನೆಬ್ಯುಲಾ ಹುಡುಕಿ ಸೋತವರು ಟೆಲಿಸ್ಕೋಪನ್ನು ಮೂಲೆಗೆ ಇಟ್ಟುಬಿಡುತ್ತಾರೆ. ಅದನ್ನು ಮತ್ತೆ ಹೊರತೆಗೆಯಲು ಜೋಡಿ ನಕ್ಷತ್ರಗಳಿಗಿಂತ ಒಳ್ಳೆಯ ಕಾರಣ ಬೇಕಿಲ್ಲ. ಎದುರುಮನೆಯ ಎಲ್‌ಇಡಿ ದೀಪವಿರಲಿ, ಹುಣ್ಣಿಮೆಯೇ ಇರಲಿ, ಪ್ರಕಾಶಮಾನ ಜೋಡಿಗಳಿಗೆ ಅದರಿಂದ ಅಂಥ ಅಡ್ಡಿಯಿಲ್ಲ. ನಿಜವಾದ ಅಡ್ಡಿ ಬಿಸಿಗಾಳಿ. ಹಗಲೆಲ್ಲ ಕಾದ ಕಾಂಕ್ರೀಟ್ ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಲೇ ಇರುತ್ತದೆ. ಅದರ ಮೇಲಿಂದ ನೋಡಿದರೆ ನಕ್ಷತ್ರ ಉಕ್ಕುವ ಹಾಲಿನಂತೆ ಕುದಿಯುತ್ತದೆ. ಆದ್ದರಿಂದ ನೋಡುವ ಜಾಗಕ್ಕಿಂತ ನೋಡುವ ಹೊತ್ತು ಮುಖ್ಯ. ದೂರದ ಬೆಟ್ಟಕ್ಕೆ ಹೋಗಬೇಕಾಗಿಲ್ಲ, ಬೆಳಗಿನ ಜಾವ ಏಳಬೇಕು.

ಇಲ್ಲಿನ ಗುರಿ ಜ್ಯೇಷ್ಠಾ, ಅಂದರೆ ವೃಶ್ಚಿಕದ ಎದೆಯಲ್ಲಿರುವ ಆಂಟಾರೆಸ್. ಸುಮಾರು 550 ಜ್ಯೋತಿರ್ವರ್ಷ ದೂರದ ಕೆಂಪು ಮಹಾದೈತ್ಯ ಅದು. ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗುವಷ್ಟು ದೊಡ್ಡದು. ಅದರ ಪಕ್ಕದಲ್ಲಿ ಬಿಸಿಯಾದ ನೀಲಿ ಜೊತೆಗಾರನೊಬ್ಬನಿದ್ದಾನೆ. ಇಬ್ಬರ ನಡುವಿನ ಅಂತರ ಸುಮಾರು 2.7 ಆರ್ಕ್‌ಸೆಕೆಂಡ್, ಅಂದರೆ ಚಂದ್ರಬಿಂಬದ ಅಗಲವನ್ನು ಸುಮಾರು 690 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಜ್ಯೇಷ್ಠೆಯ ಕಾಂತಿಮಾನ (ಈ ಸಂಖ್ಯೆ ಹೆಚ್ಚಿದಷ್ಟು ನಕ್ಷತ್ರ ಮಂಕು) 1ರ ಆಸುಪಾಸು, ಜೊತೆಗಾರನದು 5.5. ಸುಮಾರು 60 ಪಟ್ಟು ಮಂಕು. ಅಂತರ ಕಡಿಮೆ ಎನ್ನುವುದಕ್ಕಿಂತ ದೈತ್ಯನ ಪ್ರಭೆಯಲ್ಲಿ ಅವನು ಮುಳುಗಿಹೋಗುವುದೇ ಕಷ್ಟ.

ಒಂದು ಅನುಕೂಲ ನಮಗೆ ಭೂಗೋಳವೇ ಕೊಟ್ಟಿದೆ. ಲಂಡನ್ನಿನಲ್ಲಿ ಜ್ಯೇಷ್ಠಾ ದಿಗಂತದಿಂದ 12 ಡಿಗ್ರಿಯಷ್ಟೇ ಮೇಲೇಳುತ್ತದೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ 50 ಡಿಗ್ರಿ ದಾಟುತ್ತದೆ. ಅಲ್ಲಿನವರು ಹರಸಾಹಸ ಪಟ್ಟು ನೋಡುವುದನ್ನು ನಾವು ಕತ್ತು ನೋಯಿಸಿಕೊಳ್ಳದೆ ನೋಡಬಹುದು.

ಮೊದಲು ಕೈ ಪಳಗಿಸಿಕೊಳ್ಳಿ

ನೇರವಾಗಿ ಜ್ಯೇಷ್ಠೆಗೆ ಹೋದರೆ ಬಹುತೇಕ ನಿರಾಸೆಯೇ. ಡಿಸೆಂಬರ್‌ನಲ್ಲಿ ಆಂಡ್ರೊಮೆಡಾ ಪುಂಜದ ಅಲ್ಮಾಕ್‌ನಿಂದ ಶುರುಮಾಡಿ. ತಿಂಗಳ ನಡುವಿನ ಹೊತ್ತಿಗೆ ರಾತ್ರಿ 8:45ರ ಸುಮಾರಿಗೆ ಅದು ಉತ್ತರದಲ್ಲಿ 60 ಡಿಗ್ರಿ ಎತ್ತರದಲ್ಲಿರುತ್ತದೆ. ಕಿತ್ತಳೆ ದೈತ್ಯ, ಪಕ್ಕದಲ್ಲಿ ನೀಲಿ ಚುಕ್ಕೆ, ಅಂತರ ಸುಮಾರು 9.6 ಆರ್ಕ್‌ಸೆಕೆಂಡ್. 60 ಮಿ.ಮೀ. ಟೆಲಿಸ್ಕೋಪಿನಲ್ಲೂ 50 ಪಟ್ಟು ವರ್ಧನೆಗೆ ಬೇರೆಯಾಗುತ್ತವೆ. ಆ ನೀಲಿ ಚುಕ್ಕೆಯೇ ಮೂರು ನಕ್ಷತ್ರಗಳ ಗುಂಪು, ಆದರೆ ಅವುಗಳನ್ನು ಬೇರ್ಪಡಿಸುವುದು ನಮ್ಮ ಉಪಕರಣಗಳ ಕೆಲಸವಲ್ಲ. ಬಣ್ಣ ಕಾಣದಿದ್ದರೆ ಫೋಕಸನ್ನು ಒಂದು ಕೂದಲೆಳೆಯಷ್ಟು ಕೆಡಿಸಿ. ಬೆಳಕು ಹರಡಿದಾಗ ಬಣ್ಣ ಎದ್ದು ಬರುತ್ತದೆ.

ಉಪಕರಣ

ಜ್ಯೇಷ್ಠೆಗೆ 150 ಮಿ.ಮೀ. ಕನ್ನಡಿಯ, 1200 ಮಿ.ಮೀ. ಫೋಕಲ್ ಲೆಂತ್‌ನ ಡಾಬ್ಸನಿಯನ್ (ಮೇಲೆ ಕೆಳಗೆ, ಎಡಬಲಕ್ಕೆ ತಿರುಗುವ ಸರಳ ಪೀಠದ ಕನ್ನಡಿ ಟೆಲಿಸ್ಕೋಪು) ಚೆನ್ನಾಗಿ ಹೊಂದುತ್ತದೆ. ಲೆಕ್ಕದ ಪ್ರಕಾರ 80 ಮಿ.ಮೀ. ಕೂಡ 1.5 ಆರ್ಕ್‌ಸೆಕೆಂಡ್ ಅಂತರದ ಜೋಡಿಯನ್ನು ಬಿಡಿಸಬೇಕು. ಆದರೆ ಆ ಲೆಕ್ಕ ಸಮಾನ ಪ್ರಕಾಶದ ಜೋಡಿಗೆ, ಇಲ್ಲಿ ಅದನ್ನು ನಂಬಬೇಡಿ. ಕಣ್ಣಿಡುವ ಮಸೂರ, ಅಂದರೆ ಐಪೀಸ್, ಎರಡು ಬೇಕು: 25 ಮಿ.ಮೀ. ಐಪೀಸ್ (48 ಪಟ್ಟು) ಹುಡುಕಲು, 6 ಮಿ.ಮೀ. ಐಪೀಸ್ (200 ಪಟ್ಟು) ನೋಡಲು. 200 ಪಟ್ಟಿನಲ್ಲಿ ನಕ್ಷತ್ರ ಸುಮಾರು ಒಂದು ನಿಮಿಷದಲ್ಲಿ ಐಪೀಸಿನ ಈ ಅಂಚಿನಿಂದ ಆ ಅಂಚಿಗೆ ಜಾರಿಬಿಡುತ್ತದೆ. ಅದನ್ನು ತಡೆಯಲು ಹೋಗದೆ ಜಾರಲು ಬಿಡಿ, ಈ ಜಾರುವಿಕೆಯೇ ಮುಂದೆ ದಾರಿ ತೋರಿಸುತ್ತದೆ. ಕಾಲಿಮೇಶನ್, ಅಂದರೆ ಕನ್ನಡಿಗಳ ಹೊಂದಾಣಿಕೆ, ಹಿಂದಿನ ಸಂಜೆಯೇ ಸರಿಮಾಡಿಡಿ. ಕನ್ನಡಿ ಸ್ವಲ್ಪ ಓರೆಯಾದರೂ ನಕ್ಷತ್ರಕ್ಕೆ ಬಾಲ ಬಂದು, ಜೊತೆಗಾರ ಅದರೊಳಗೆ ಕಳೆದುಹೋಗುತ್ತಾನೆ.

ಇನ್ನೊಂದು ವಸ್ತು ನೀವೇ ಮಾಡಿಕೊಳ್ಳಬೇಕು: ಷಟ್ಕೋನದ ಮುಸುಕು. ದಪ್ಪ ರಟ್ಟಿನ ಮೇಲೆ ಕೈವಾರದಿಂದ 74 ಮಿ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರದ ಅಳತೆ ಬದಲಿಸದೆ ಅದೇ ವೃತ್ತದ ಮೇಲೆ ಆರು ಗುರುತು ಹಾಕಿ, ಗುರುತುಗಳನ್ನು ಸ್ಕೇಲಿನಿಂದ ಸೇರಿಸಿ, ಒಳಗಿನ ಷಟ್ಕೋನವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಅಂಚು ನುಣುಪಾಗಿರಲಿ. ಕೊಳವೆಯ ಬಾಯಿಗೆ ಟೇಪಿನಿಂದ ಅಂಟಿಸಿದರೆ ಜ್ಯೇಷ್ಠೆಯ ಪ್ರಭೆ ಸುತ್ತಲೂ ಹರಡುವ ಬದಲು ಆರು ಗೆರೆಗಳಾಗಿ ಒಡೆಯುತ್ತದೆ, ಗೆರೆಗಳ ನಡುವೆ ಕತ್ತಲು ಉಳಿಯುತ್ತದೆ. ಗೆರೆಗಳು ಷಟ್ಕೋನದ ಬದಿಗಳಿಗೆ ಲಂಬವಾಗಿ ಏಳುತ್ತವೆ. ಹಾಗಾಗಿ ಎರಡು ಮೂಲೆಗಳು ಸರಿಯಾಗಿ ಎಡಬಲಕ್ಕೆ ಬರುವಂತೆ ಮುಸುಕನ್ನು ತಿರುಗಿಸಿ. ಜೊತೆಗಾರ ಇರುವುದು ಆ ದಿಕ್ಕಿನಲ್ಲೇ.

ಕೊಳವೆಯ ಬಾಯಿಯ ಬಳಿ ಚಿಕ್ಕ ಕನ್ನಡಿಯನ್ನು ಹಿಡಿದಿರುವ ನಾಲ್ಕು ತಗಡಿನ ಪಟ್ಟಿಗಳನ್ನೂ ಗಮನಿಸಿ. ಅವು ಅಧಿಕ ಚಿಹ್ನೆಯಂತೆ ನಿಂತಿದ್ದರೆ ಅಡ್ಡ ಗೆರೆಯೊಂದು ನೇರ ಜೊತೆಗಾರನ ಮೇಲೆಯೇ ಬೀಳುತ್ತದೆ. ಕೊಳವೆಯನ್ನು 45 ಡಿಗ್ರಿ ತಿರುಗಿಸಲು ಬರುವಂತಿದ್ದರೆ ತಿರುಗಿಸಿಬಿಡಿ. ಎಷ್ಟೋ ಸಲ ಅವನು ಕಾಣದಿರಲು ಇದೊಂದೇ ಕಾರಣ.

ಮಾರ್ಚ್ ತಿಂಗಳ ಬೆಳಗು

ಜ್ಯೇಷ್ಠಾ ಸಂಜೆಯ ಆಕಾಶಕ್ಕೆ ಬರುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ಅದಕ್ಕೇ ಮಾರ್ಚ್ ನಡುವಿನ ಬೆಳಗಿನ ಜಾವ. ಟೆಲಿಸ್ಕೋಪನ್ನು 3:45ಕ್ಕೇ ತಾರಸಿಗೆ ತನ್ನಿ. ಕನ್ನಡಿ ಹೊರಗಿನ ಗಾಳಿಯಷ್ಟು ತಣ್ಣಗಾಗಲು 40 ನಿಮಿಷ ಬೇಕು. ದಕ್ಷಿಣಕ್ಕೆ ಎಸಿಯ ಹೊರಘಟಕವಾಗಲಿ, ಹೋಟೆಲ್ಲಿನ ಹೊಗೆಗೊಳವೆಯಾಗಲಿ ಇಲ್ಲದ ಮೂಲೆ ಆರಿಸಿ. ರಿಂಗ್ ರಸ್ತೆಯ ಪಕ್ಕದ ಮನೆಯಾದರೆ ಲಾರಿ ಹೋದಾಗಲೆಲ್ಲ ಚಿತ್ರ ನಡುಗುತ್ತದೆ. ತಾರಸಿಯ ನಡುಭಾಗ ಬಿಟ್ಟು, ಕೆಳಗೆ ಕಂಬವಿರುವ ಜಾಗದಲ್ಲಿ ಇಡಿ.

4:30ಕ್ಕೆ ಮೊದಲು ರಾಸಲ್‌ಗೇತಿ ನೋಡಿ. ಹರ್ಕ್ಯುಲಸ್ ಪುಂಜದ, ನಮ್ಮವರು ಭೀಮ ಎನ್ನುವ ಪುಂಜದ ಕೆಂಪು ದೈತ್ಯ ಅದು. ಹತ್ತಿರದ ಪ್ರಕಾಶಮಾನ ರಾಸಲ್‌ಹೇಗ್‌ನಿಂದ ಪಶ್ಚಿಮಕ್ಕೆ 5 ಡಿಗ್ರಿ, ಅಂದರೆ ಚಾಚಿದ ಕೈಯ ಮೂರು ಬೆರಳಗಲ. ಜೊತೆಗಾರ 4.7 ಆರ್ಕ್‌ಸೆಕೆಂಡ್ ದೂರ, 100 ಪಟ್ಟಿಗೆ ಬೇರೆಯಾಗಬೇಕು. ಹಸಿರು ಛಾಯೆ ಕಂಡರೆ ಅದು ಕೆಂಪಿನ ಎದುರು ಕಣ್ಣಿಗಾಗುವ ಭ್ರಮೆ, ಹಸಿರು ನಕ್ಷತ್ರ ಎಂಬುದಿಲ್ಲ. ಇನ್ನೂ ತಡಮಾಡಿದರೆ ಅದು ನಡುನೆತ್ತಿಗೆ ಬಂದು ಡಾಬ್ಸನಿಯನ್‌ನಲ್ಲಿ ಹಿಡಿಯುವುದೇ ಕಷ್ಟವಾಗುತ್ತದೆ. ಈ ಜೋಡಿ 100 ಪಟ್ಟಿನಲ್ಲೂ ಬಿಡಿಸಿಕೊಳ್ಳದಿದ್ದರೆ ಅಂದಿನ ಗಾಳಿ ಸರಿಯಿಲ್ಲ. ಜ್ಯೇಷ್ಠೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಮಾರ್ಚ್ 15ರ ಸುಮಾರಿಗೆ ಜ್ಯೇಷ್ಠಾ ನೇರ ದಕ್ಷಿಣಕ್ಕೆ ಬರುವುದು 5:20ಕ್ಕೆ. ಆ ಹೊತ್ತೇ ಏಕೆ? ವಾತಾವರಣ ಪ್ರಿಸಂನಂತೆ ನಕ್ಷತ್ರದ ಬೆಳಕನ್ನು ಮೇಲೆ ಕೆಳಗೆ ಎಳೆದು ನೀಲಿ, ಕೆಂಪು ಅಂಚು ಮೂಡಿಸುತ್ತದೆ. ಜೊತೆಗಾರ ಇರುವುದು ಪಶ್ಚಿಮಕ್ಕೆ. ದಕ್ಷಿಣದಲ್ಲಿದ್ದಾಗ ಪಶ್ಚಿಮವೆಂದರೆ ಬಲಗಡೆ, ಹಾಗಾಗಿ ಆ ಬಣ್ಣದ ಅಂಚು ಅವನನ್ನು ಮುಟ್ಟುವುದಿಲ್ಲ. ಐಪೀಸಿನಲ್ಲಿ ಎಡಬಲ ತಿರುವುಮುರುವಾಗುವುದರಿಂದ ತಲೆಕೆಡಿಸಿಕೊಳ್ಳಬೇಡಿ. ನಕ್ಷತ್ರ ಯಾವ ಕಡೆಗೆ ಜಾರುತ್ತದೋ ಅದೇ ಪಶ್ಚಿಮ. ಜೊತೆಗಾರ ದೈತ್ಯನ ಮುಂದೆ ಮುಂದೆ ಹೋಗುತ್ತಿರುತ್ತಾನೆ.

ಒಂದೇ ನೋಟಕ್ಕೆ ಸಿಗುವುದಿಲ್ಲ. ನಿಮಿಷಗಟ್ಟಲೆ ಕಲಕಾಡಿ ಗಾಳಿ ಅರೆಕ್ಷಣ ನಿಂತಾಗ ಕಿತ್ತಳೆ ಬೆಳಕಿನ ಅಂಚಿಗೆ ಅಂಟಿದಂತೆ ಸೂಜಿಮೊನೆಯಷ್ಟು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಮತ್ತೆ ಅದೇ ಜಾಗದಲ್ಲಿ ಮೂಡಿದರೆ ಅವನೇ. ಐಪೀಸನ್ನು ತಿರುಗಿಸಿದಾಗ ಚುಕ್ಕೆಯೂ ತಿರುಗಿದರೆ, ಅಥವಾ ನಕ್ಷತ್ರ ಜಾರಿದಂತೆ ಚುಕ್ಕೆ ಇನ್ನೊಂದು ಕಡೆಗೆ ಸರಿದರೆ, ಅದು ಗಾಜಿನೊಳಗಿನ ಪ್ರತಿಫಲನ. ಪುಸ್ತಕ ತೆರೆಯುವ ಮೊದಲೇ ಕಂಡದ್ದನ್ನು ಚಿತ್ರ ಬರೆದಿಡಿ, ಜಾರುವ ದಿಕ್ಕಿಗೆ ಬಾಣ ಹಾಕಿ.

ಕಾಣಲಿಲ್ಲವೆಂದು 5:30ಕ್ಕೇ ಕಟ್ಟಿಡಬೇಡಿ. ಬೆಳಕು ಹರಿಯತೊಡಗಿದಾಗ ಆಕಾಶದ ನಸುನೀಲಿ ದೈತ್ಯನ ಪ್ರಭೆಯನ್ನು ತಗ್ಗಿಸುತ್ತದೆ, ಜೊತೆಗಾರ ಎಷ್ಟೋ ಬಾರಿ ಆಗಲೇ ಬಿಡಿಯಾಗಿ ನಿಲ್ಲುತ್ತಾನೆ. 6 ಗಂಟೆಯವರೆಗೂ ಕಣ್ಣು ತೆಗೆಯಬೇಡಿ. ಸೂರ್ಯ ಹುಟ್ಟುವುದು 6:30ರ ಸುಮಾರಿಗೆ. ಅದಕ್ಕೆ ಕಾಲು ಗಂಟೆ ಮೊದಲೇ ಟೆಲಿಸ್ಕೋಪಿಗೂ ಫೈಂಡರಿಗೂ (ಗುರಿ ಹುಡುಕಲು ಅದರ ಮೇಲಿರುವ ಪುಟ್ಟ ದೂರದರ್ಶಕ) ಮುಚ್ಚಳ ಹಾಕಿ ಒಳಗೆ ತನ್ನಿ. ಅದರಲ್ಲಿ ಸೂರ್ಯನನ್ನು ನೋಡಿದರೆ ಕಣ್ಣೇ ಹೋಗಬಹುದು, ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಒಂದು ದಿನವೂ ಮರೆಯುವ ಹಾಗಿಲ್ಲ.