ಗೇರ್‌ಬಾಕ್ಸ್ ಕೆಳಗಿನ ಸವೆದ ಬುಷ್: ಮನೆಯಲ್ಲೇ ಬದಲಾಯಿಸುವುದು ಹೇಗೆ?

ಮೊದಲ ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ ಸೀಟಿನ ಕೆಳಗೆ ‘ದಬ್’ ಅಂತ ಒಂದು ಪೆಟ್ಟು. ರಿವರ್ಸ್ ಹಾಕಿದರೆ ಇನ್ನೊಂದು. ಪುಣೆಯ ಕಾತ್ರಜ್ ಘಾಟ್ ಹತ್ತುವಾಗ ಗೇರ್ ಲಿವರ್ ಗಡಗಡ ಅದುರುತ್ತದೆ. ಕೆಲವೊಮ್ಮೆ ಹಾಕಿದ ಗೇರ್ ತಾನಾಗೇ ಜಾರಿ ನ್ಯೂಟ್ರಲ್‌ಗೆ ಬರುತ್ತದೆ. ಹಳೆಯ ಪಿಕಪ್, ಸಣ್ಣ ಟ್ರಕ್ ಇಟ್ಟುಕೊಂಡವರು ಇಷ್ಟಕ್ಕೇ ‘ಗೇರ್‌ಬಾಕ್ಸ್ ಹೋಯ್ತು’ ಎಂದು ಹೆದರಿ ದೊಡ್ಡ ಖರ್ಚಿಗೆ ತಯಾರಾಗುತ್ತಾರೆ. ಸ್ವಲ್ಪ ತಡೆಯಿರಿ. ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಅದನ್ನು ಹೊತ್ತುಕೊಂಡಿರುವ ರಬ್ಬರನ್ನು, ಅಂದರೆ ಬುಷ್ ಅನ್ನು ನೋಡಿ.

ಪುಣೆಯಲ್ಲಿ ಇಂಥ ಗಾಡಿಗಳು ಜಾಸ್ತಿ. ಟಾಟಾ 407 ಸಣ್ಣ ಟ್ರಕ್ ಇಲ್ಲೇ ತಯಾರಾಗಿ 1986ರಲ್ಲಿ ರಸ್ತೆಗೆ ಬಂತು. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದ ನಮ್ಮವರು ಭೋಸರಿ, ಚಾಕಣದ ಕಾರ್ಖಾನೆ ಮಾಲಿಗೂ ಗುಲ್ಟೇಕಡಿ ಮಾರ್ಕೆಟ್ ಯಾರ್ಡ್‌ನ ತರಕಾರಿಗೂ ಹಳೆಯ ಗಾಡಿಗಳನ್ನೇ ನಂಬಿದ್ದಾರೆ. ಒಂದು ದಿನ ಗಾಡಿ ನಿಂತರೆ ಆ ದಿನದ ದುಡಿಮೆ ನಿಂತಂತೆ. ಬುಷ್ ಬದಲಿಸುವ ಕೆಲಸವನ್ನು ಬಿಡುವಿನ ಒಂದು ದಿನ ಇಬ್ಬರು ಸೇರಿ ಮನೆ ಮುಂದೆಯೇ ಮುಗಿಸಬಹುದು. ಆದರೆ ಕ್ರಮ ತಪ್ಪಬಾರದು. ಯಾವುದನ್ನು ಮೊದಲು ಬಿಚ್ಚಬೇಕು, ಯಾವುದನ್ನು ಕೊನೆಗೆ ಬಿಗಿಯಬೇಕು ಅನ್ನುವುದರ ಮೇಲೇ ಹೊಸ ಬುಷ್ ಎಷ್ಟು ದಿನ ಬಾಳುತ್ತದೆ ಅನ್ನುವುದು ನಿಂತಿದೆ.

ಏನಿದು, ಎಲ್ಲಿದೆ?

ಚಾಸಿಯ ಎರಡು ಉದ್ದ ತೊಲೆಗಳ ನಡುವೆ ಗೇರ್‌ಬಾಕ್ಸ್ ಕೆಳಗೆ ಅಡ್ಡಲಾಗಿ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದೇ ಕ್ರಾಸ್ ಮೆಂಬರ್. ಗೇರ್‌ಬಾಕ್ಸ್‌ನ ಹಿಂಭಾಗ ಅದರ ಮೇಲೆ ಕೂರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ನೇರ ತಾಗದಂತೆ ನಡುವೆ ರಬ್ಬರ್ ಇಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಮಧ್ಯದಲ್ಲಿ ಒಂದೇ ದಪ್ಪ ಮೌಂಟಿಂಗ್ (ಭಾರ ಹೊರುವ ರಬ್ಬರ್) ಇರುತ್ತದೆ. ಕೆಲವದರಲ್ಲಿ ಪಟ್ಟಿಯ ಎರಡೂ ತುದಿಗಳಲ್ಲಿ, ಚಾಸಿಗೆ ಬೋಲ್ಟ್ ಆಗುವ ಕಡೆ ಬುಷ್ ಇರುತ್ತವೆ. ಎರಡೂ ಇರುವ ಗಾಡಿಗಳೂ ಇವೆ. ಪಟ್ಟಿಯನ್ನೇ ಚಾಸಿಗೆ ರಿವೆಟ್ ಹೊಡೆದಿದ್ದರೆ ಅದು ಬಿಚ್ಚುವುದಿಲ್ಲ. ಆಗ ಗೇರ್‌ಬಾಕ್ಸನ್ನು ತುಸು ಎತ್ತಿ ರಬ್ಬರನ್ನಷ್ಟೇ ಹೊರಗೆಳೆಯಬೇಕು.

ಹಾಗಾಗಿ ಟಾರ್ಚ್ ಹಿಡಿದು ಕೆಳಗೆ ನೋಡಿ, ಎಲ್ಲ ಕೋನದಿಂದ ಫೋಟೊ ತೆಗೆದುಕೊಳ್ಳಿ, ಆಮೇಲೆ ಅಂಗಡಿಗೆ ಹೋಗಿ. ಪುಣೆಯ ನಾನಾ ಪೇಠ್ ಬಡಾವಣೆಯ ಸ್ಪೇರ್ ಅಂಗಡಿಗಳಲ್ಲಿ ‘ಗೇರ್‌ಬಾಕ್ಸ್ ಫೌಂಡೇಶನ್ ರಬ್ಬರ್’ ಅಂದರೆ ಥಟ್ಟನೆ ತಿಳಿಯುತ್ತದೆ. ಗಾಡಿಯ ಮಾದರಿ, ತಯಾರಾದ ವರ್ಷ, ಚಾಸಿ ನಂಬರ್ ಜೊತೆಗಿರಲಿ. ಒಂದು ಕಡೆಯ ಬುಷ್ ಮಾತ್ರ ಹೋಗಿದೆ ಅನಿಸಿದರೂ ಜೋಡಿಯನ್ನೇ ತನ್ನಿ. ಒಂದು ಗಟ್ಟಿ, ಒಂದು ಮೆತ್ತಗೆ ಆದರೆ ಗೇರ್‌ಬಾಕ್ಸ್ ಓರೆಯಾಗಿ ಕೂರುತ್ತದೆ.

ಪಾಲಿಯುರಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಬುಷ್ ಗಟ್ಟಿ, ಅದನ್ನೇ ಹಾಕಿ ಎಂದು ಹೇಳುವವರಿದ್ದಾರೆ. ಎಣ್ಣೆಗೆ ಅದು ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಎಂಜಿನ್ನಿನ ಅದುರನ್ನೆಲ್ಲ ಚಾಸಿಗೆ, ಅಲ್ಲಿಂದ ಕ್ಯಾಬಿನ್ನಿಗೆ ಸಾಗಿಸುತ್ತದೆ. ದಿನಕ್ಕೆ ಹತ್ತು ತಾಸು ಸ್ಟೇರಿಂಗ್ ಹಿಡಿಯುವವರ ಸೊಂಟ ಅದನ್ನು ತಾಳಬೇಕು, ಅಲ್ವಾ? ಹಳೆಯ ಡೀಸೆಲ್ ಗಾಡಿಗೆ ಒಳ್ಳೆಯ ರಬ್ಬರೇ ಸರಿ ಅಂತ ನನ್ನ ಅಭಿಪ್ರಾಯ.

ತಪ್ಪು ಇದರದ್ದೇ ಅಂತ ಖಚಿತ ಮಾಡಿಕೊಳ್ಳಿ

ಮೊದಲು ಕಣ್ಣಿನ ಪರೀಕ್ಷೆ. ಚೆನ್ನಾಗಿರುವ ರಬ್ಬರ್ ಒಂದೇ ಸಮ ಕಪ್ಪಗಿದ್ದು, ಲೋಹಕ್ಕೆ ಸುತ್ತಲೂ ಅಂಟಿಕೊಂಡಿರುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಅದು ವಯಸ್ಸಿನ ಗುರುತು, ಗಾಬರಿ ಬೇಡ. ಬಿರುಕು ಉಗುರು ಇಳಿಯುವಷ್ಟು ಆಳವಾಗಿದ್ದರೆ, ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ, ಬುಷ್‌ನ ನಡುವಿನ ಕೊಳವೆ ಒಂದು ಬದಿಗೆ ವಾಲಿದ್ದರೆ ಬದಲಿಸಲೇಬೇಕು. ಇನ್ನೊಂದು ಗುರುತು ಕ್ರಾಸ್ ಮೆಂಬರ್ ಮೇಲೆಯೇ ಇರುತ್ತದೆ. ಸುತ್ತ ಎಲ್ಲ ತುಕ್ಕು, ಕೆಸರು ಇದ್ದು, ವಾಷರ್ ಪಕ್ಕದಲ್ಲಿ ಮಾತ್ರ ಬೆಳ್ಳಗೆ ಹೊಳೆಯುವ ಉಜ್ಜಿದ ಗೆರೆ ಕಾಣಿಸಿದರೆ ಅಲ್ಲಿ ಲೋಹಕ್ಕೆ ಲೋಹ ತಾಗುತ್ತಿದೆ ಅಂತಲೇ ಅರ್ಥ.

ಆಮೇಲೆ ಟೈರ್ ಲಿವರ್ ಪರೀಕ್ಷೆ. ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಅಡೆ ಕೊಟ್ಟು, ಗೇರ್‌ಬಾಕ್ಸ್ ಮತ್ತು ಪಟ್ಟಿಯ ನಡುವೆ ಲಿವರ್ ಸಿಕ್ಕಿಸಿ ಮೆಲ್ಲಗೆ ಮೀಟಿ. ರಬ್ಬರ್ ತುಸು ಬಳುಕಿ ವಾಪಸ್ ಬಂದರೆ ಸರಿ. ಗೇರ್‌ಬಾಕ್ಸ್ ಸುಲಭವಾಗಿ ಮೇಲೆದ್ದು ‘ಟಕ್’ ಅಂತ ಕೂತರೆ ಬುಷ್ ಮುಗಿದಿದೆ. ಎಂಜಿನ್ ಚಾಲೂ ಇರುವಾಗ ಮಾತ್ರ ಯಾರೂ ಗಾಡಿ ಕೆಳಗೆ ಹೋಗಬಾರದು.

ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನೂ ಕೈಯಿಂದ ಹಿಂದೆ ಮುಂದೆ ತಿರುವಿ ನೋಡಿ. ಅದರ ಕೀಲಾದ ಯು-ಜಾಯಿಂಟ್ ಕ್ರಾಸ್ ಸವೆದಿದ್ದರೂ ಇಂಥದ್ದೇ ‘ದಬ್’ ಬರುತ್ತದೆ. ಗೇರ್ ಜಾರುವುದಕ್ಕೆ ಗೇರ್‌ಬಾಕ್ಸ್ ಒಳಗಿನ ಸವೆತವೂ ಕಾರಣ ಇರಬಹುದು. ಆದರೆ ಬುಷ್ ಸಡಿಲವಾಗಿದ್ದಾಗ ಇಡೀ ಗೇರ್‌ಬಾಕ್ಸ್ ಕುಲುಕಿ ಲಿವರನ್ನು ಎಳೆಯುತ್ತದೆ, ಹಾಗಾಗಿ ಕಡಿಮೆ ಖರ್ಚಿನದನ್ನೇ ಮೊದಲು ಸರಿಮಾಡಿ.

ರಬ್ಬರ್ ಯಾಕೆ ಹೋಯಿತು?

ಇದನ್ನು ಕೇಳದೆ ಬುಷ್ ಬದಲಿಸಿದರೆ ಕೆಲಸ ಅರ್ಧವೇ ಆದ ಹಾಗೆ. ನಮ್ಮ ಓಣಿಯಲ್ಲಿ ಇಂಡಿ ಕಡೆಯವರೊಬ್ಬರು ಹಳೆಯ ಪಿಕಪ್ ಓಡಿಸುತ್ತಾರೆ. “ಅಣ್ಣಾರ, ಹೊಸಾ ರಬ್ಬರ್ ಹಾಕಿ ಇನ್ನಾ ಮಳಿಗಾಲ ಮುಗದಿಲ್ಲ. ಮತ್ತ ದಬ್ ದಬ್ ಅನ್ನಾಕತ್ತೈತ್ರಿ” ಎಂದರು. “ಮ್ಯಾಲಿನ ಆಯಿಲ್ ಸೀಲ್ ನೋಡ್ಸಿದ್ರೇನು?” ಎಂದು ಕೇಳಿದೆ. ನೋಡಿಸಿರಲಿಲ್ಲ. ಗೇರ್‌ಬಾಕ್ಸ್‌ನ ಹಿಂದಿನ ಸೀಲಿನಿಂದ ಆಯಿಲ್ ಜಿನುಗಿ ನೇರ ಬುಷ್ ಮೇಲೆ ಇಳಿಯುತ್ತಿತ್ತು. ಬುಷ್ ಉಬ್ಬಿಕೊಂಡಿತ್ತು. ಹೆಬ್ಬೆರಳು ಒತ್ತಿದರೆ ನೆನೆದ ರೊಟ್ಟಿಯ ಹಾಗೆ ಒಳಗೆ ಹೋಗುತ್ತಿತ್ತು, ಬೆರಳಿಗೆ ಕಪ್ಪು ಮಸಿ ಮೆತ್ತುತ್ತಿತ್ತು.

ಸ್ವಾಭಾವಿಕ ರಬ್ಬರಿಗೆ ಗೇರ್ ಆಯಿಲ್, ಡೀಸೆಲ್, ಗ್ರೀಸ್ ಯಾವುದೂ ಆಗಿಬರುವುದಿಲ್ಲ. ಅದು ಎಣ್ಣೆ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಹರಿಯುತ್ತದೆ. ಬುಷ್ ಸುತ್ತ ಎಣ್ಣೆ ಒದ್ದೆ ಕಂಡರೆ ಮೊದಲು ಸೀಲ್ ಹಾಕಿಸಿ, ಆಮೇಲೆ ಬುಷ್. ಒಣಗಿದ್ದೂ ಸವೆದಿದ್ದರೆ ಕಾರಣ ವಯಸ್ಸು, ಸೈಲೆನ್ಸರ್ ಪೈಪಿನ ಶಾಖ ಮತ್ತು ಲೋಡು. ಖಂಬಾಟ್ಕಿ ಘಾಟಿನಲ್ಲಿ ತುಂಬಿದ ಗಾಡಿ ಫಸ್ಟ್, ಸೆಕೆಂಡ್ ಗೇರಿನಲ್ಲಿ ಏರುವಾಗ ಎಂಜಿನ್ನಿನ ತಿರುಚುವ ಬಲವನ್ನೆಲ್ಲ ತಡೆದುಕೊಳ್ಳುವುದು ಈ ರಬ್ಬರು ಮತ್ತು ಎಂಜಿನ್ ಮೌಂಟಿಂಗ್‌ಗಳೇ. ಎಂಜಿನ್ ಮೌಂಟಿಂಗ್ ಹೋಗಿದ್ದರೆ ಹಿಂದಿನ ಬುಷ್‌ಗೆ ಭಾರ ಜಾಸ್ತಿ ಬೀಳುತ್ತದೆ. ಅವನ್ನೂ ನೋಡಿ.

ಹಿಂದಿನ ರಾತ್ರಿಯ ಕೆಲಸ

ಪುಣೆಯ ಮಳೆಯಲ್ಲಿ ವರ್ಷಗಟ್ಟಲೆ ನೆನೆದ ಬೋಲ್ಟ್ ಒಂದೇ ಏಟಿಗೆ ಬಿಚ್ಚುವುದಿಲ್ಲ. ಹಿಂದಿನ ಸಂಜೆಯೇ ವೈರ್ ಬ್ರಷ್‌ನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಡೀಸೆಲ್ ಪೈಪು, ಬ್ರೇಕ್ ಪೈಪು ಪಕ್ಕದಲ್ಲೇ ಹಾದುಹೋಗುವುದರಿಂದ ಗ್ಯಾಸ್ ಬೆಂಕಿಯಿಂದ ಬೋಲ್ಟ್ ಕಾಯಿಸುವ ಯೋಚನೆಯೇ ಬೇಡ. ಬೋಲ್ಟ್ ತುಂಡಾದರೆ ಆಗಲಿ. ಹೊಸ ಬೋಲ್ಟ್, ಹೊಸ ನೈಲಾಕ್ ನಟ್ (ಸಡಿಲಾಗದಂತೆ ಒಳಗೆ ನೈಲಾನ್ ಉಂಗುರವಿರುವ ನಟ್) ಮೊದಲೇ ತಂದಿಟ್ಟಿರಿ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಎಂದು ಕೆತ್ತಿರುತ್ತದೆ. ಅದು ಬೋಲ್ಟಿನ ಗಟ್ಟಿತನದ ದರ್ಜೆ. ಹಳೆಯದರ ಮೇಲೆ ಏನಿದೆಯೋ ಅದೇ ತನ್ನಿ, ಅದಕ್ಕಿಂತ ಕಡಿಮೆಯದು ಬೇಡ.

ಬೇಕಾದದ್ದು: 17 ಮತ್ತು 19 ಮಿ.ಮೀ. ರಿಂಗ್ ಪಾನಾ, ಸಾಕೆಟ್ ಸೆಟ್, ಟಾರ್ಕ್ ರೆಂಚ್ (ಎಷ್ಟು ಬಲ ಹಾಕಿ ಬಿಗಿದಿರಿ ಎಂದು ತೋರಿಸುವ ಪಾನಾ), ಹೈಡ್ರಾಲಿಕ್ ಜಾಕ್, ಭಾರ ಹೊರುವ ಎರಡು ಜಾಕ್ ಸ್ಟ್ಯಾಂಡ್, ದಪ್ಪ ಮರದ ತುಂಡು, ಹ್ಯಾಕ್‌ಸಾ, ಉಳಿ, ಸುತ್ತಿಗೆ, ಕನ್ನಡಕ. ಪಾನಾ, ಉಳಿಯನ್ನು ಹಳೆಯದಾಗಿಯೇ ಜುನಾ ಬಜಾರಿನಲ್ಲಿ ಕೊಳ್ಳಬಹುದು. ಜಾಕ್ ಮತ್ತು ಸ್ಟ್ಯಾಂಡನ್ನು ಮಾತ್ರ ಹೊಸದೇ ಕೊಳ್ಳಿ, ಅಥವಾ ನಂಬಿಕೆಯ ಗ್ಯಾರೇಜಿನಿಂದ ಕೇಳಿ ತನ್ನಿ. ನಿಮ್ಮ ಎದೆಯ ಮೇಲೆ ಇರುವ ಭಾರವನ್ನು ಹಿಡಿಯುವುದು ಅವೇ.

ಬಿಚ್ಚುವುದು

ಗಾಡಿ ಸಮತಟ್ಟಾದ ಗಟ್ಟಿ ನೆಲದಲ್ಲಿರಲಿ. ಸೊಸೈಟಿ ಅಂಗಳದ ಪೇವರ್ ಬ್ಲಾಕ್ ಜಾಕ್ ಕೆಳಗೆ ಕುಸಿಯಬಹುದು, ದಪ್ಪ ಪ್ಲೈವುಡ್ ಹಲಗೆ ಹಾಸಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಸೈಲೆನ್ಸರ್ ಪೂರ್ತಿ ತಣ್ಣಗಾಗಿರಬೇಕು. ಗಾಡಿ ಎತ್ತದೆಯೇ ಕೆಳಗೆ ನುಸುಳಲು ಜಾಗ ಇದ್ದರೆ ಎತ್ತಲೇ ಬೇಡಿ. ಎತ್ತಬೇಕಾದರೆ ಸ್ಟ್ಯಾಂಡನ್ನು ಚಾಸಿಯ ಉದ್ದ ತೊಲೆಗೆ ಕೊಡಿ, ಬಿಚ್ಚಲಿರುವ ಪಟ್ಟಿಗಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವ ಕಾರಣಕ್ಕೂ ಬೇಡ. ಅವು ಎಚ್ಚರಿಕೆ ಕೊಡದೆ ಪುಡಿಯಾಗುತ್ತವೆ.

ಈಗ ಜಾಕ್ ಮೇಲೆ ಮರದ ತುಂಡು ಇಟ್ಟು ಗೇರ್‌ಬಾಕ್ಸ್‌ನ ಗಟ್ಟಿ ಭಾಗಕ್ಕೆ ತಾಗಿಸಿ. ತೆಳ್ಳಗಿನ ತಗಡಿನ ಮುಚ್ಚಳಕ್ಕೋ ಡ್ರೈನ್ ಪ್ಲಗ್‌ಗೋ ತಾಗಬಾರದು. ಭಾರ ಜಾಕ್‌ಗೆ ಬಂತು ಅನಿಸುವಷ್ಟೇ ಎತ್ತಿ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಭಾರವೂ ಹಿಂದೆ ಇರುತ್ತದೆ, ಅದಕ್ಕೆ ಇನ್ನೊಂದು ಆಸರೆ ಕೊಡಿ.

ಪಟ್ಟಿಯ ಯಾವ ಮುಖ ಮುಂದಿದೆ ಅಂತ ಪೇಂಟ್‌ನಿಂದ ಗುರುತು ಹಾಕಿ. ಸೈಲೆನ್ಸರ್ ಹ್ಯಾಂಗರ್, ಹ್ಯಾಂಡ್‌ಬ್ರೇಕ್ ಕೇಬಲ್ ಕ್ಲಿಪ್ ಇದಕ್ಕೇ ಸೇರಿದ್ದರೆ ಬಿಡಿಸಿ. ಮೊದಲು ಗೇರ್‌ಬಾಕ್ಸ್ ಮತ್ತು ಪಟ್ಟಿಯ ನಡುವಿನ ನಟ್, ಆಮೇಲೆ ಪಟ್ಟಿಯ ತುದಿಗಳ ಬೋಲ್ಟ್. ಕೊನೆಯ ಬೋಲ್ಟ್ ತೆಗೆಯುವಾಗ ಇನ್ನೊಬ್ಬರು ಪಟ್ಟಿ ಹಿಡಿದಿರಲಿ. ಗೇರ್‌ಬಾಕ್ಸನ್ನು ಇಳಿಸಲೇಬೇಕಾದರೆ ಒಂದು ಅಂಗುಲದಷ್ಟು ಸಾಕು. ಹಿಂದೆ ಇಳಿದರೆ ಎಂಜಿನ್ನಿನ ಮುಂಭಾಗ ಓರೆಯಾಗುತ್ತದೆ. ಮುಂದೆ ನಿಂತವರು ಫ್ಯಾನ್ ರೆಕ್ಕೆ ರೇಡಿಯೇಟರ್‌ಗೆ ತಾಗುತ್ತಿದೆಯಾ, ಹೋಸ್ ಪೈಪ್ ಎಳೆಯುತ್ತಿದೆಯಾ ಎಂದು ನೋಡುತ್ತಿರಬೇಕು.

ಪಟ್ಟಿ ಕೈಗೆ ಬಂದ ಮೇಲೆ ತೊಳೆದು, ಬೋಲ್ಟ್ ತೂತುಗಳ ಸುತ್ತ ಬಿರುಕು ಹುಡುಕಿ. ದುಂಡಗಿನ ತೂತು ಅಂಡಾಕಾರ ಆಗಿದ್ದರೆ ಹೊಸ ಬುಷ್ ಹಾಕಿದರೂ ಸದ್ದು ನಿಲ್ಲುವುದಿಲ್ಲ. ಒಳ್ಳೆಯ ವೆಲ್ಡರ್ ಹತ್ತಿರ ಒಯ್ಯಿರಿ ಅಥವಾ ಪಟ್ಟಿಯನ್ನೇ ಬದಲಿಸಿ.

ಹಳೆಯದು ಹೊರಗೆ, ಹೊಸದು ಒಳಗೆ

ಮೇಲೊಂದು ಕೆಳಗೊಂದು ಎಂದು ಎರಡು ತುಂಡಿರುವ ಬುಷ್ ಆದರೆ ಕಷ್ಟವಿಲ್ಲ, ಕೈಯಲ್ಲೇ ಬರುತ್ತದೆ. ಒಳಗಿನ ಉಕ್ಕಿನ ಕೊಳವೆಯನ್ನು ಕಳೆಯಬೇಡಿ. ಬೋಲ್ಟ್ ಬಿಗಿದಾಗ ರಬ್ಬರ್ ಜಜ್ಜಿಹೋಗದಂತೆ ತಡೆಯುವುದು ಆ ಕೊಳವೆಯೇ.

ಉಕ್ಕಿನ ಕವಚದೊಡನೆ ಒತ್ತಿ ಕೂರಿಸಿದ ಬುಷ್ ಮೊಂಡು. ಕೆಲವರು ರಬ್ಬರಿಗೆ ಬೆಂಕಿ ಹಚ್ಚಿ ಸುಡುತ್ತಾರೆ. ಆ ಹೊಗೆ ವಿಷ, ಮಕ್ಕಳಿರುವ ಅಂಗಳದಲ್ಲಂತೂ ಬೇಡವೇ ಬೇಡ. ರಬ್ಬರನ್ನು ಕೊರೆದು ನಡುವಿನ ಕೊಳವೆ ತೆಗೆಯಿರಿ. ಹ್ಯಾಕ್‌ಸಾ ಬ್ಲೇಡನ್ನು ತೂತಿನೊಳಗೆ ತೂರಿಸಿ ಕವಚವನ್ನು ಉದ್ದಕ್ಕೆ ಸೀಳಿ. ಪಟ್ಟಿಯ ಲೋಹಕ್ಕೆ ಗರಗಸ ತಾಗುವ ಮುಂಚೆ ನಿಲ್ಲಿಸಿ, ಉಳಿಯಿಂದ ಕವಚದ ಅಂಚನ್ನು ಒಳಕ್ಕೆ ಮಡಿಸಿದರೆ ಅದು ಸಡಿಲಾಗುತ್ತದೆ.

ತೂತನ್ನು ಎಮರಿ ಕಾಗದದಿಂದ ಉಜ್ಜಿ ನುಣುಪು ಮಾಡಿ. ಪಟ್ಟಿಗೆ ಹೊರಗೆಲ್ಲ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿಯಿರಿ, ತೂತಿನೊಳಗೆ ಬೇಡ. ಹೊಸ ಬುಷ್‌ಗೆ ಸೋಪಿನ ನೀರು ಸವರಿ, ಗ್ರೀಸ್ ಅಲ್ಲ. ಬೆಂಚ್ ವೈಸ್‌ನಲ್ಲಿ, ಇಲ್ಲವೇ ಉದ್ದ ಬೋಲ್ಟ್ ಮತ್ತು ದಪ್ಪ ವಾಷರ್‌ಗಳಿಂದ ಎಳೆದು ಕೂರಿಸಬಹುದು. ಒತ್ತಡ ಹೊರಗಿನ ಕವಚದ ಮೇಲೇ ಬೀಳಬೇಕು. ನಡುವಿನ ಕೊಳವೆಗೆ ಸುತ್ತಿಗೆಯಿಂದ ಹೊಡೆದರೆ ರಬ್ಬರಿನ ಅಂಟು ಅಲ್ಲೇ ಬಿಟ್ಟುಹೋಗುತ್ತದೆ.

ಬಿಗಿಯುವ ಕ್ರಮ

ಅವಸರ ಮಾಡುವವರು ಎಡವುವುದು ಇಲ್ಲಿ. ಪಟ್ಟಿ ಎತ್ತಿಟ್ಟು ಎಲ್ಲ ಬೋಲ್ಟ್‌ಗಳನ್ನೂ ಬರಿಗೈಯಲ್ಲಿ ನಾಲ್ಕಾರು ಸುತ್ತು ಹಾಕಿ. ಪಾನಾ ಮುಟ್ಟಬೇಡಿ. ತೂತುಗಳು ಎದುರಾಗದಿದ್ದರೆ ಜಾಕ್‌ನಿಂದ ಗೇರ್‌ಬಾಕ್ಸನ್ನು ಸರಿಪಡಿಸಿ, ಬೋಲ್ಟನ್ನು ಸುತ್ತಿಗೆಯಿಂದ ತುರುಕಬೇಡಿ. ಎಲ್ಲ ಕೂತ ಮೇಲೆ ಜಾಕನ್ನು ನಿಧಾನ ಇಳಿಸಿ, ಪೂರ್ತಿ ಭಾರ ಹೊಸ ರಬ್ಬರ್ ಮೇಲೆ ಬರಲಿ. ಗಾಡಿಯನ್ನು ಪಕ್ಕದಿಂದ ಎರಡು ಸಲ ಕುಲುಕಿ. ಸ್ಟ್ಯಾಂಡ್ ಮೇಲೆ ಎತ್ತಿದ್ದರೆ ಮೊದಲು ಚಕ್ರಗಳ ಮೇಲೆ ಇಳಿಸಿ, ಕುಲುಕಬೇಕಾದ್ದು ಆಮೇಲೆ. ಈಗ ಬಿಗಿಯಿರಿ. ಭಾರ ಬರುವ ಮುಂಚೆ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಹೊಸದಾಗಿದ್ದರೂ ಬೇಗ ಹರಿಯುತ್ತದೆ.

ಎಷ್ಟು ಬಿಗಿಯಬೇಕು ಅನ್ನುವುದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕವೇ ಪ್ರಮಾಣ. ಅಂದಾಜಿಗೆ ಹೇಳುವುದಾದರೆ, 8.8 ದರ್ಜೆಯ 10 ಮಿ.ಮೀ. ಬೋಲ್ಟ್‌ಗೆ ಸುಮಾರು 45ರಿಂದ 50 ನ್ಯೂಟನ್ ಮೀಟರ್, 12 ಮಿ.ಮೀ. ಬೋಲ್ಟ್‌ಗೆ 80ರ ಆಸುಪಾಸು.

ಕೇಬಲ್, ಹ್ಯಾಂಗರ್, ಬ್ಯಾಟರಿ ತಂತಿ ವಾಪಸ್ ಸೇರಿಸಿ. ಖಾಲಿ ಗಾಡಿಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಫಸ್ಟ್, ರಿವರ್ಸ್ ಎರಡರಲ್ಲೂ ಕ್ಲಚ್ ಬಿಟ್ಟು ಕಿವಿಗೊಡಿ. ಒಂದೆರಡು ದಿನ ಓಡಿದ ಮೇಲೆ, ಹೆಚ್ಚೆಂದರೆ 200 ಕಿಲೋಮೀಟರಿನೊಳಗೆ, ಎಲ್ಲ ಬೋಲ್ಟ್‌ಗಳಿಗೂ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ. ರಬ್ಬರ್ ಕೂತಾಗ ನಟ್ ತುಸು ಸಡಿಲಾಗಬಹುದು. ಗೇರ್ ಹಾಕಿದಾಗಿನ ‘ದಬ್’ ಹೋಗಿ, ವೇಗದಲ್ಲಿ ಮಾತ್ರ ಗುಂಯ್ ಅನ್ನುವ ಅದುರು ಉಳಿದಿದ್ದರೆ ಪ್ರೊಪೆಲ್ಲರ್ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರ್ ನೋಡಿ. ಇಷ್ಟು ದಿನ ಕುಲುಕಿದ ಗೇರ್‌ಬಾಕ್ಸ್ ಅದನ್ನೂ ಸವೆಸಿರುವ ಸಾಧ್ಯತೆ ಇದೆ.