ಹಾಲಿನ ಲೆಕ್ಕದ ಪಕ್ಕ ಕೂಲ್‌ಡೌನ್ ಲೆಕ್ಕ

ಊರೂರು ನಡೆದು ಫೋನಿನಲ್ಲಿ ಪೋಕೆಮಾನ್ ಪ್ರಾಣಿ ಹಿಡಿಯೋ ಆಟ ಪೋಕೆಮಾನ್ ಗೋ. ಅದರಲ್ಲಿ ನಕಲಿ ಜಿಪಿಎಸ್‌ನಿಂದ ಲೊಕೇಶನ್ ಹಾರಿಸೋರಿಗೆ ಕೂಲ್‌ಡೌನ್ ಚಾರ್ಟು, ಅಂದರೆ ಎಷ್ಟು ದೂರ ಹಾರಿದರೆ ಮತ್ತೆ ಆಡೋ ಮೊದಲು ಎಷ್ಟು ಹೊತ್ತು ಕಾಯಬೇಕು ಅನ್ನೋದು, ಬಾಯಿಪಾಠ ಇರುತ್ತೆ: 10 ಕಿ.ಮೀ.ಗೆ ಆರೇಳು ನಿಮಿಷ, 100ಕ್ಕೆ ಅರ್ಧ ಗಂಟೆ ಮೇಲೆ, 1500 ದಾಟಿತೋ ಎರಡು ಗಂಟೆ. ನನಗೂ ಗೊತ್ತಿತ್ತು. ಆದರೂ ಹಿಡಿಯಲು ಬಾಲ್ ಎಸೆದರೆ ಪೋಕೆಮಾನ್ ಓಡಿಹೋಗೋದು ತಪ್ಪಲಿಲ್ಲ. ಗೆಳೆಯರೆಲ್ಲ ಚಾರ್ಟೇ ಬೋಗಸ್ ಅಂದರು.

ಚಾರ್ಟು ಸರಿಯಾಗೇ ಇತ್ತು. ಸಿಡ್ನಿಯಲ್ಲಿ ಹಿಡಿದೆ, ಟೋಕಿಯೋಗೆ ಹಾರಿ ಬರೀ ನೋಡಿದೆ, ಅಲ್ಲಿಂದ ಒಸಾಕಾ. ಟೋಕಿಯೋ–ಒಸಾಕಾ 400 ಕಿ.ಮೀ., ಒಂದು ಗಂಟೆ ಸಾಕು ಅಂದುಕೊಂಡೆ. ಆದರೆ ಲೆಕ್ಕ ಹಿಡಿಯಬೇಕಾದ್ದು ಕೊನೆಗೆ ಬಾಲ್ ಎಸೆದ ಜಾಗದಿಂದ, ಅಂದರೆ ಸಿಡ್ನಿಯಿಂದ; ಅದಕ್ಕೆ ಎರಡು ಗಂಟೆ ಕಾಯಬೇಕಿತ್ತು. ಹಾರೋದಕ್ಕೆ ಕೂಲ್‌ಡೌನ್ ಇಲ್ಲ. ಬಾಲ್ ಎಸೆದರೆ, ಪೋಕೆಮಾನಿಗೆ ಬೆರ್ರಿ ಹಣ್ಣು ಕೊಟ್ಟರೆ, ಸಾಮಾನು ಸಿಗೋ ಪೋಕೆಸ್ಟಾಪ್ ತಿರುಗಿಸಿದರೆ ಇದೆ.

ಅವತ್ತಿಂದ ಅಡುಗೆಮನೆ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯೋ ಚೌಕದಲ್ಲೇ ಪೆನ್ಸಿಲಿನಿಂದ ಬರೆದಿಡ್ತೀನಿ: 'ಸಿಡ್ನಿ 11.50'. ಕೊನೆಯ ಜಾಗ, ಕೊನೆಯ ಟೈಮು, ಅಷ್ಟೇ. "ಏನೋ ಇದು, ಸಿಡ್ನಿಗೂ ಹಾಲು ಹಾಕ್ತಾನಾ ಅವನು?" ಅಂತ ಅಮ್ಮ. ಗೆಳೆಯರಂತೂ ತಿಂಗಳುಗಟ್ಟಲೆ ಆಡಿಕೊಂಡರು. ಈಗ ಅವರೇ ಫೋಟೋ ಕಳಿಸು ಅಂತಾರೆ.

ಇಲ್ಲಿಗೆ ಬರೋಷ್ಟರಲ್ಲಿ ದುಡ್ಡು ಸುಮಾರು ಹೋಯಿತು. ಸೆಕೆಂಡ್ ಹ್ಯಾಂಡ್ ಫೋನಿಗೆ ಐದೂವರೆ ಸಾವಿರ, ಜಿಪಿಎಸ್ ನಕಲಿ ಮಾಡೋ ಆ್ಯಪಿಗೆ ತಿಂಗಳಿಗೆ ನಾನೂರರ ಹತ್ತಿರ. ಮೂರು ಸಾವಿರ ಚಿಲ್ಲರೆ ಕೊಟ್ಟು ತಂದ, ತಾನೇ ಪೋಕೆಮಾನ್ ಹಿಡಿದು ಸ್ಟಾಪ್ ತಿರುಗಿಸೋ ಆಟೋ ಕ್ಯಾಚರ್ರೇ ದೊಡ್ಡ ಶನಿ. ಜೇಬಿನಲ್ಲಿ ಆನ್ ಆಗೇ ಉಳಿದಿತ್ತು. ನಕಲಿ ಜಿಪಿಎಸ್ ಒಂದು ಕ್ಷಣ ಕೈಕೊಟ್ಟು ನಾನು ಪಟ್ಟನೆ ದಾವಣಗೆರೆಗೆ ಬಂದೆ; ಆ ಕ್ಷಣದಲ್ಲೇ ಅದು ನಮ್ಮ ಬೀದಿ ಗಣಪತಿ ಗುಡಿ ಸ್ಟಾಪ್ ತಿರುಗಿಸಿಬಿಟ್ಟಿತು! ಮರುವಾರ ಮೊದಲ ಸ್ಟ್ರೈಕ್, ಅಂದರೆ ಮೋಸಕ್ಕೆ ಕಂಪನಿ ಕೊಡೋ ಎಚ್ಚರಿಕೆ ಬಂತು, ಏಳು ದಿನ. ಎರಡನೆಯದಕ್ಕೆ 30 ದಿನ ಅಕೌಂಟ್ ಬಂದ್, ಮೂರನೆಯದಕ್ಕೆ ಅಕೌಂಟೇ ಹೋಗುತ್ತೆ.

ಮಧ್ಯೆ ಆ್ಯಪಿನ ಜಾಯ್‌ಸ್ಟಿಕ್‌ನಿಂದ ಜೋರಾಗಿ ನಡೆಸಿ, ನಡೆದ ದೂರಕ್ಕೆ ಒಡೆಯೋ ಆಟದ ಮೊಟ್ಟೆ ಮರಿ ಮಾಡಿಸಲು ನೋಡಿದೆ. ಗಂಟೆಗೆ ಹತ್ತೂವರೆ ಕಿ.ಮೀ. ಮೀರಿದರೆ ದೂರ ಜಮಾ ಆಗಲ್ಲ, ಒಂದು ಭಾನುವಾರ ದಂಡ. ಆದರೆ ಮರಿ ಆಗೋದಕ್ಕೆ ಕೂಲ್‌ಡೌನ್ ಇಲ್ಲ ಅನ್ನೋದು ಅಲ್ಲೇ ಖಾತ್ರಿಯಾಯಿತು. ಕಾಯೋ ಹೊತ್ತನ್ನ ಈಗ ಅದಕ್ಕೇ ಇಡ್ತೀನಿ.

ಆಯಾ ಊರಿನ ಗಡಿಯಾರದಲ್ಲಿ ಮಧ್ಯಾಹ್ನ ಎರಡರಿಂದ ಐದರ ಕಮ್ಯೂನಿಟಿ ಡೇ, ಅಂದರೆ ಒಂದು ಜಾತಿಯ ಪೋಕೆಮಾನ್ ಹೆಚ್ಚಾಗಿ ಸಿಗೋ ದಿನ, ಬಂದರೆ ನನ್ನ ದಿನ ಹೀಗೆ. ಜೂನ್ ಜುಲೈನಲ್ಲಿ ಆಕ್ಲೆಂಡಿನ ಎರಡು ಗಂಟೆ ನಮಗೆ ಬೆಳಿಗ್ಗೆ ಏಳೂವರೆ. ಒಂದು ಗಂಟೆ ಆಡಿ ನಿಲ್ಲಿಸ್ತೀನಿ. ಸ್ನಾನ, ತಿಂಡಿ, ಮಾರ್ಕೆಟ್ಟು. ಹತ್ತೂವರೆ ದಾಟಿದ ಮೇಲೆ ಸಿಡ್ನಿ. ಹನ್ನೆರಡರೊಳಗೆ ಕೈ ಎತ್ತಿ, ಊಟ, ಒಂದು ನಿದ್ದೆ; ಎರಡಕ್ಕೆ ನಮ್ಮೂರಲ್ಲೇ, ನಿಜವಾದ ಕಾಲಲ್ಲಿ. ನಾಲ್ಕೂವರೆಗೆ ಬಿಟ್ಟರೆ ಆರೂವರೆಗೆ ಸ್ಪೇನಿನ ಜರಾಗೋಸಾ. ಹೋದ ಸಲ ಶೈನಿ, ಅಂದರೆ ಬೇರೆ ಬಣ್ಣದ ಅಪರೂಪದವು, ನಲವತ್ತರ ಮೇಲೆ ಬಿತ್ತು, ಒಂದೂ ಓಡಿಹೋಗಲಿಲ್ಲ.

ಜರಾಗೋಸಾದಲ್ಲಿ ಯಾವ ಮೂಲೆ ಅಂತ ಮಾತ್ರ ಕೇಳಬೇಡಿ. ಅದನ್ನ ಕ್ಯಾಲೆಂಡರಿನಲ್ಲೂ ಬರೆದಿಲ್ಲ.